ಎಕನಾಮಿಕ್ಸಾ, ಬಿಕಾಮಾ? ಮೊದಲು ಯಾವ ಕುರ್ಚಿ ಅಂತ ಹೇಳಿ

ಪ್ರಶ್ನೆ: ನಾನು ಶಿಡ್ಲಘಟ್ಟದವಳು. ಚಿಕ್ಕಬಳ್ಳಾಪುರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದೇನೆ, ಕಾಂಬಿನೇಷನ್ ಎಸ್‌ಇಬಿಎ (ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ). ಅಪ್ಪ ರೇಷ್ಮೆ ರೀಲರ್. ನನಗೆ ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಆಗಬೇಕು ಅಂತ ಆಸೆ. ಎಕನಾಮಿಕ್ಸ್ ಡಿಗ್ರಿ ಮಾಡಲಾ, ಬಿಕಾಂ ಅಥವಾ ಬಿಬಿಎ ಮಾಡಲಾ? ಬೆಂಗಳೂರಿನ ಒಂದು ಸಂಸ್ಥೆಯವರು ಆರು ತಿಂಗಳ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕೋರ್ಸ್ ಇದೆ, ಕೆಲಸ ಗ್ಯಾರಂಟಿ ಅಂತಿದ್ದಾರೆ. ಅಪ್ಪ ಮಾತ್ರ "ಬ್ಯಾಂಕ್ ಕೆಲಸ ತಾನೇ, ಡಿಗ್ರಿ ಮುಗಿಸಿ ಸರ್ಕಾರಿ ಬ್ಯಾಂಕುಗಳ ಐಬಿಪಿಎಸ್ ಪರೀಕ್ಷೆ ಬರಿ" ಅಂತಾರೆ. ಏನು ಮಾಡಲಿ?

ಉತ್ತರ: ಡಿಗ್ರಿ ಯಾವುದು ಅನ್ನೋದು ಇಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಈ ಕೆಲಸ ಏನು ಅಂತ ಗೊತ್ತಾಗಲಿ, ಆಮೇಲೆ ಡಿಗ್ರಿ ತಾನಾಗಿ ಗೊತ್ತಾಗುತ್ತದೆ.

ನಾನು ಕೋಲಾರದವನು. ನಮ್ಮೂರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಸಾಲಾಗಿ ಇಟ್ಟಿರುತ್ತಾರೆ, ಒಂದೊಂದು 15 ಕೆಜಿ. ರೈತನಿಗೂ ಹೊರರಾಜ್ಯದ ವ್ಯಾಪಾರಿಗೂ ಮಧ್ಯೆ ಮಂಡಿಯವರು ನಿಂತು, ಹರಾಜು ಕೂಗಿಸಿ, ಕಮಿಷನ್ ಹಿಡಿಯುತ್ತಾರೆ. ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಮಾಡೋದೂ ಹೆಚ್ಚುಕಡಿಮೆ ಇದೇ. ಬಾಕ್ಸಿನ ಜಾಗದಲ್ಲಿ ಒಂದು ಇಡೀ ಕಂಪನಿ ಇರುತ್ತದೆ ಅಷ್ಟೆ. ಕಂಪನಿ ಮೊದಲ ಸಲ ಜನರಿಗೆ ಶೇರು ಮಾರುವಾಗ, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ, ಬಾಂಡ್ ಮಾರಿ ಸಾಲ ಎತ್ತುವಾಗ ಇವರು ಬರುತ್ತಾರೆ. ಬೆಲೆ ಕಟ್ಟುತ್ತಾರೆ, ಕೊಳ್ಳುವವರನ್ನು ಹುಡುಕುತ್ತಾರೆ, ಕಾಗದಪತ್ರ ಮಾಡಿಸುತ್ತಾರೆ, ಫೀ ತಗೊಳ್ಳುತ್ತಾರೆ. ನಮ್ಮ ಕಾನೂನಿನಲ್ಲಿ ಇವರ ಹೆಸರು ಮರ್ಚೆಂಟ್ ಬ್ಯಾಂಕರ್. 1992ರ ನಿಯಮಗಳ ಪ್ರಕಾರ ಶೇರು ಮಾರ್ಕೆಟ್ಟಿನ ಮೇಲೆ ಕಣ್ಣಿಡುವ ಸೆಬಿಯಲ್ಲಿ ನೋಂದಣಿ ಆಗಿರಬೇಕು. (ನೀವು ಓದುತ್ತಿರೋದು ಎಸ್‌ಇಬಿಎ, ಅವರನ್ನು ಕಾಯೋದು ಎಸ್‌ಇಬಿಐ. ಒಂದಕ್ಷರ ದೂರದಲ್ಲಿದ್ದೀರಿ!)

ಒಂದು ಉದಾಹರಣೆ ನೋಡಿ. 2023ರ ಜುಲೈ 1ಕ್ಕೆ ಎಚ್‌ಡಿಎಫ್‌ಸಿ ಅನ್ನೋ ಗೃಹಸಾಲದ ಕಂಪನಿ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ಸೇರಿಕೊಂಡಿತು. ಆ ಕಂಪನಿಯ 25 ಶೇರು ಇಟ್ಟುಕೊಂಡಿದ್ದವರಿಗೆ ಬ್ಯಾಂಕಿನ 42 ಶೇರು ಸಿಕ್ಕವು. ಯಾಕೆ 42? 40 ಯಾಕಲ್ಲ, 45 ಯಾಕಲ್ಲ? ಎರಡು ಶೇರು ಆಚೀಚೆಯಾದರೆ ಎಷ್ಟೋ ಸಾವಿರ ಕೋಟಿ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತದೆ. ಇಂಥ ಸಂಖ್ಯೆಯ ಹಿಂದೆ ಕೂತು ಲೆಕ್ಕ ಹಾಕೋದು, ಎರಡೂ ಕಡೆಯವರಿಗೆ ಅದು ಸರಿ ಅಂತ ತೋರಿಸೋದು, ಇದು ನೀವು ಆಸೆ ಪಟ್ಟಿರುವ ಕುರ್ಚಿ. ಇದಕ್ಕೆ ಫ್ರಂಟ್ ಆಫೀಸ್ ಅಂತಾರೆ. ಭಾರತದಲ್ಲಿ ಈ ಕುರ್ಚಿಗಳು ಬಹುಪಾಲು ಇರೋದು ಮುಂಬೈಯಲ್ಲಿ.

ಇನ್ನೊಂದು ಕುರ್ಚಿ ಇದೆ. ಅದು ಬೆಂಗಳೂರಿನಲ್ಲಿದೆ, ಸಾವಿರಾರು ಇವೆ. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ ಇವರೆಲ್ಲರ ದೊಡ್ಡ ಆಫೀಸುಗಳು ನಮ್ಮ ಬೆಂಗಳೂರಿನಲ್ಲಿವೆ. ಹೊರಗಡೆ ಬೋರ್ಡಿನಲ್ಲಿ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಹೆಸರೇ ಇರುತ್ತದೆ. ಒಳಗೆ ಸಾಫ್ಟ್‌ವೇರ್ ಇರುತ್ತದೆ, ರಿಸ್ಕ್ ಇರುತ್ತದೆ, ಆಪರೇಷನ್ಸ್ ಇರುತ್ತದೆ. ಡೀಲಿಗೆ ಸಂಬಂಧಪಟ್ಟ ರಿಸರ್ಚ್ ಮಾಡುವ ತಂಡಗಳೂ ಕೆಲವು ಇವೆ. ಆದರೆ ನಮ್ಮ ಕಡೆಯ ಬಿಕಾಂ ಹುಡುಗರು ಜಾಸ್ತಿ ಸೇರೋದು ಆಪರೇಷನ್ಸಿಗೆ.

ನಾನೂ ಅಲ್ಲೇ ಶುರು ಮಾಡಿದ್ದು. ಮನೆಯಲ್ಲಿ "ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸೇರಿದೆ" ಅಂತ ಸ್ವೀಟ್ ಹಂಚಿದ್ದರು. ನನ್ನ ಕೆಲಸ ಏನಪ್ಪಾ ಅಂದರೆ, ಪರದೆಯ ಮೇಲೆ ಎರಡು ಪಟ್ಟಿ. ಎಡಗಡೆ ನಮ್ಮ ಲೆಕ್ಕ, ಬಲಗಡೆ ಎದುರು ಪಾರ್ಟಿಯ ಲೆಕ್ಕ. ಎರಡೂ ತಾಳೆಯಾಗಬೇಕು. ಆಗದಿದ್ದರೆ ಅದಕ್ಕೆ ಬ್ರೇಕ್ ಅಂತಾರೆ. ಒಂದು ದಿನ ನಮ್ಮಲ್ಲಿ 10,000 ಶೇರು, ಅವರಲ್ಲಿ 1,000. ಯಾರೋ ಒಂದು ಸೊನ್ನೆ ನುಂಗಿದ್ದರು. ಅದನ್ನು ಹಿಡಿಯೋಕೆ ಲಂಡನ್ನಿಗೆ ಹನ್ನೊಂದು ಮೇಲ್ ಹೋದವು. ಕೆಟ್ಟ ಕೆಲಸ ಅಂತ ನಾನು ಹೇಳುತ್ತಿಲ್ಲ. ಈಗಂತೂ ಅದಕ್ಕೆ ತೂಕ ಜಾಸ್ತಿಯಾಗಿದೆ. ನಮ್ಮ ಶೇರು ಮಾರ್ಕೆಟ್ಟಿನಲ್ಲಿ 2023ರ ಜನವರಿ 27ರಿಂದ ಎಲ್ಲ ಶೇರುಗಳ ವ್ಯವಹಾರವೂ ಮಾರನೇ ದಿನವೇ ಚುಕ್ತಾ ಆಗಬೇಕು. ಅಮೆರಿಕದಲ್ಲೂ 2024ರ ಮೇ 28ರಿಂದ ಹಾಗೇ. ತಪ್ಪು ತಿದ್ದೋಕೆ ಒಂದು ರಾತ್ರಿ ಸಿಗುತ್ತದೆ ಅಷ್ಟೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ಮನೆಗೆ ಆಸರೆಯಾಗುತ್ತದೆ. ಆದರೆ ಅಲ್ಲಿಂದ ಡೀಲ್ ಮಾಡುವ ಕುರ್ಚಿಗೆ ಮೆಟ್ಟಿಲು ಇಲ್ಲ. ನಾನು ಆ ಕೆಲಸ ಬಿಟ್ಟು, ಸಿಎ ಮುಗಿಸಿ, ಮುಂಬೈಗೆ ಹೋಗಿ ಹೊಸದಾಗಿ ಶುರು ಮಾಡಬೇಕಾಯಿತು. ಮೂರು ವರ್ಷ ಹೋಯಿತು. ಮೊದಲೇ ಯಾರಾದರೂ ಹೇಳಿದ್ದರೆ ಉಳಿಯುತ್ತಿತ್ತು ಅನ್ನೋ ಸಂಕಟ ನನಗೆ ಈಗಲೂ ಇದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ಈಗ ನಿಮ್ಮ ಆರು ತಿಂಗಳ ಕೋರ್ಸಿನ ವಿಷಯ. ಅವರು "ಕೆಲಸ ಗ್ಯಾರಂಟಿ" ಅಂದರೆ ಯಾವ ಕೆಲಸ ಅಂತ ಕೇಳಿ. ಕಳೆದ ಬ್ಯಾಚಿನವರ ಆಫರ್ ಲೆಟರಿನಲ್ಲಿ ಹುದ್ದೆಯ ಹೆಸರು ಏನಿತ್ತು ಅಂತ ತೋರಿಸಲಿ. ಕೆವೈಸಿ ಅನಲಿಸ್ಟ್, ಸೆಟಲ್‌ಮೆಂಟ್ಸ್, ರಿಕನ್ಸಿಲಿಯೇಷನ್ ಅಂತಿದ್ದರೆ ಅದು ನಾನು ಈಗ ಹೇಳಿದ ಆಪರೇಷನ್ಸ್ ಕೆಲಸ. ಅದು ಬೇಕು ಅಂದರೂ ಲಕ್ಷಗಟ್ಟಲೆ ಕೊಡೋದು ಬೇಡ. ಸೆಬಿಯವರೇ ಕಟ್ಟಿದ ಎನ್‌ಐಎಸ್‌ಎಂ ಅನ್ನೋ ಸಂಸ್ಥೆ ಇದೆ. ಅವರ ಏಳನೇ ಸೀರೀಸ್ ಪರೀಕ್ಷೆ ಇದೇ ವಿಷಯಕ್ಕೆ: ಸೆಕ್ಯುರಿಟೀಸ್ ಆಪರೇಷನ್ಸ್ ಮತ್ತು ರಿಸ್ಕ್. ಮರ್ಚೆಂಟ್ ಬ್ಯಾಂಕಿಂಗಿಗೆ ಒಂಬತ್ತನೇ ಸೀರೀಸ್. ಫೀಜು ಸಾವಿರಗಳಲ್ಲಿ ಮುಗಿಯುತ್ತದೆ, ಪುಸ್ತಕ ಮನೆಯಲ್ಲೇ ಕೂತು ಓದಬಹುದು.

ಸರಿ, ಡಿಗ್ರಿಗೆ ಬರೋಣ. ಅದಕ್ಕೆ ಮೊದಲು ನಿಮ್ಮ ಮನೆಯದ್ದೇ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಅಷ್ಟೆ. ಇವತ್ತಿನ ರೇಟು ನಿಮ್ಮ ತಂದೆಗೆ ನನಗಿಂತ ಚೆನ್ನಾಗಿ ಗೊತ್ತು.

ಗೂಡಿನ ಮಾರ್ಕೆಟ್ಟಿನಲ್ಲಿ ಕೆಜಿಗೆ 500 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಕೆಜಿ ನೂಲು ತೆಗೆಯೋಕೆ 7 ಕೆಜಿ ಗೂಡು ಬೇಕು. ನಿಮ್ಮ ತಂದೆ ಇದಕ್ಕೆ ರೆಂಡಿಟ್ಟ ಅಂತಾರಲ್ವಾ? ಅಲ್ಲಿಗೆ ಗೂಡಿಗೇ 3,500. ಸೌದೆ, ಕೂಲಿ, ಕರೆಂಟು, ನೀರು ಎಲ್ಲ ಸೇರಿ 600. ಉಳಿದ ಹುಳ, ವೇಸ್ಟು ಮಾರಿದರೆ 150 ವಾಪಸ್. ಅಂದರೆ ಒಂದು ಕೆಜಿ ನೂಲಿಗೆ ಬಿದ್ದದ್ದು 3,950. ನೂಲು 4,200ಕ್ಕೆ ಹೋದರೆ 250 ಲಾಭ. ಈಗ ಗೂಡಿನ ಲಾಟ್ ಸ್ವಲ್ಪ ಕೈಕೊಟ್ಟು ರೆಂಡಿಟ್ಟ 7ರಿಂದ ಏಳೂವರೆಗೆ ಹೋಯಿತು ಅನ್ನಿ. ಗೂಡಿನ ಖರ್ಚು 3,750 ಆಯಿತು. ಒಟ್ಟು ಬಿದ್ದದ್ದು 4,200. ಲಾಭ ಸೊನ್ನೆ. ಅರ್ಧ ಕೆಜಿ ಗೂಡು ಇಡೀ ದಿನದ ದುಡಿಮೆ ತಿಂದುಹಾಕಿತು. ಅದಕ್ಕೇ ನಿಮ್ಮ ತಂದೆ ಹರಾಜಿಗೆ ಮುಂಚೆ ಗೂಡು ಕೈಯಲ್ಲಿ ಹಿಡಿದು, ಒತ್ತಿ, ಅಲ್ಲಾಡಿಸಿ ನೋಡೋದು.

ಇನ್ನೊಂದು ಸೇರಿಸಿ. ಗೂಡಿಗೆ ದುಡ್ಡು ಇವತ್ತೇ ಕೊಡಬೇಕು. ನೂಲು ತಗೊಂಡವರು ಒಂದು ತಿಂಗಳು ಬಿಟ್ಟು ಕೊಡುತ್ತಾರೆ ಅನ್ನಿ. ಆ ಒಂದು ತಿಂಗಳು ಯಾರ ದುಡ್ಡು ಓಡುತ್ತದೆ? ಬಡ್ಡಿ ಎಷ್ಟು? 250ರಲ್ಲಿ ಅದನ್ನೂ ಕಳೆಯಬೇಕು.

ಇಷ್ಟು ಮಾಡಿದಿರಿ ಅಂದರೆ ನೀವು ಒಂದು ಫೈನಾನ್ಶಿಯಲ್ ಮಾಡೆಲ್ ಕಟ್ಟಿದಿರಿ. ರೆಂಡಿಟ್ಟ ಬದಲಾಯಿಸಿ ಲಾಭ ಏನಾಗುತ್ತದೆ ಅಂತ ನೋಡಿದಿರಲ್ಲ, ಅದಕ್ಕೆ ಮುಂಬೈಯಲ್ಲಿ ಸೆನ್ಸಿಟಿವಿಟಿ ಅಂತಾರೆ. ಒಂದು ತಿಂಗಳ ಬಾಕಿಯದ್ದಕ್ಕೆ ವರ್ಕಿಂಗ್ ಕ್ಯಾಪಿಟಲ್ ಅಂತಾರೆ. ಹೊಸದಾಗಿ ಸೇರಿದ ಅನಲಿಸ್ಟ್ ಒಂದೆರಡು ವರ್ಷ ಹಗಲು ರಾತ್ರಿ ಮಾಡೋದು ಇದೇ ಲೆಕ್ಕ, ಐದು ಹತ್ತು ವರ್ಷ ಮುಂದಕ್ಕೆ ಎಳೆದು.

ಈಗ ಈ ಲೆಕ್ಕದಲ್ಲಿ ಎಷ್ಟು ಭಾಗ ಅಕೌಂಟ್ಸು, ಎಷ್ಟು ಭಾಗ ಎಕನಾಮಿಕ್ಸು ನೋಡಿ. ಖರ್ಚು, ಲಾಭ, ಬಾಕಿ, ಬಡ್ಡಿ, ತೆರಿಗೆ ಎಲ್ಲ ಅಕೌಂಟ್ಸು. ಗೂಡಿನ ರೇಟು ಯಾಕೆ ಏರಿತು, ಚೀನಾ ನೂಲು ಬಂದರೆ ಏನಾಗುತ್ತದೆ, ಆಮದು ಸುಂಕ ಇಳಿಸಿದರೆ ಏನು, ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿದರೆ ಏನು ಅನ್ನೋದು ಎಕನಾಮಿಕ್ಸು. ಎರಡೂ ಬೇಕು. ಆದರೆ ಶುರುವಿನ ಐದು ವರ್ಷ ನಿಮ್ಮ ಕೈ ಆಡೋದು ಅಕೌಂಟ್ಸಿನಲ್ಲಿ. ಆದ್ದರಿಂದ ನಿಮ್ಮ ಪರಿಸ್ಥಿತಿಯಲ್ಲಿ ನನ್ನ ಮೊದಲ ಉತ್ತರ ಬಿಕಾಂ. ಅದರ ಜೊತೆಗೆ ಇನ್ನೊಂದು ದೊಡ್ಡದು ಇರಬೇಕು, ಅದಕ್ಕೆ ಬರುತ್ತೇನೆ.

ಸುಮ್ನೆ ಹೇಳುತ್ತಿಲ್ಲ. ಮುಂಬೈಯಲ್ಲಿ ಒಂದು ರಾತ್ರಿ ಒಂದು ಗಂಟೆಗೆ ನನ್ನ ಮಾಡೆಲಿನಲ್ಲಿ ಬ್ಯಾಲೆನ್ಸ್ ಶೀಟ್ ತಾಳೆಯಾಗಲಿಲ್ಲ. 76 ಲಕ್ಷ ವ್ಯತ್ಯಾಸ. ಬೆಳಗ್ಗೆ ಒಂಬತ್ತಕ್ಕೆ ಕ್ಲೈಂಟ್ ಮೀಟಿಂಗ್. ಪಕ್ಕದಲ್ಲಿ ಕೂತಿದ್ದವನು ದೊಡ್ಡ ಕಾಲೇಜಿನಲ್ಲಿ ಎಕನಾಮಿಕ್ಸ್ ಓದಿದವನು, ನನಗಿಂತ ಬುದ್ಧಿವಂತ. ಅವನು ಮೇಲಿನಿಂದ ಒಂದೊಂದೇ ಸಾಲು ಪರೀಕ್ಷೆ ಮಾಡೋಕೆ ಕೂತ. ನನಗೆ ಕೋಲಾರದ ಕಾಲೇಜಿನ ಅಕೌಂಟೆನ್ಸಿ ಮೇಷ್ಟ್ರು ನೆನಪಾದರು. ತಾಳೆ ಬರದಿದ್ದರೆ ವ್ಯತ್ಯಾಸವನ್ನು ಮೊದಲು ಎರಡರಿಂದ ಭಾಗಿಸು, ಆ ಮೊತ್ತ ಎಲ್ಲಾದರೂ ಇದ್ದರೆ ತಪ್ಪು ಬದಿಗೆ ಬರೆದಿದ್ದೀಯ ಅಂತ ಅರ್ಥ ಅನ್ನುತ್ತಿದ್ದರು. ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು, 54ರ ಜಾಗದಲ್ಲಿ 45. ನಾನು 38 ಲಕ್ಷ ಅಂತ ಹುಡುಕಿದೆ. ಡೆಫರ್ಡ್ ಟ್ಯಾಕ್ಸ್ ಸಾಲಿನಲ್ಲಿ 38 ಲಕ್ಷ, ಮೈನಸ್ ಇರಬೇಕಾದ ಕಡೆ ಪ್ಲಸ್. ಹತ್ತು ನಿಮಿಷದಲ್ಲಿ ಮುಗಿಯಿತು. ಆ ಹುಡುಗ ಮಾರನೇ ದಿನದಿಂದ ನನಗೆ ಟೀ ತಂದುಕೊಡುತ್ತಿದ್ದ.

ಹಾಗಂತ ಎಕನಾಮಿಕ್ಸ್ ಬೇಡವೇ ಬೇಡ ಅಂತಲ್ಲ. ಆದರೆ ಎಕನಾಮಿಕ್ಸಿನಲ್ಲಿ ಎರಡು ಜಾತಿ ಇವೆ, ಹೆಸರು ಒಂದೇ ಆದ್ದರಿಂದ ಮಕ್ಕಳು ಮೋಸ ಹೋಗುತ್ತಾರೆ. ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಇತಿಹಾಸ, ರಾಜ್ಯಶಾಸ್ತ್ರದ ಜೊತೆ ಬರುವ ಬಿಎ ಎಕನಾಮಿಕ್ಸ್ ಒಂದು. ಕೆಎಎಸ್‌ಗೆ, ಬಿಎಡ್ ಮಾಡಿ ಮೇಷ್ಟ್ರಾಗೋಕೆ ಅದು ಒಳ್ಳೆಯದು. ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರು ಅದನ್ನು ನೋಡೋದಿಲ್ಲ. ಇನ್ನೊಂದು ಗಣಿತದ ಎಕನಾಮಿಕ್ಸ್: ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್, ಎಕನಾಮೆಟ್ರಿಕ್ಸ್. ಬೆಂಗಳೂರಿನ ನಾಗರಬಾವಿ ಕಡೆ 2017ರಲ್ಲಿ ಶುರುವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಅದು ನಮ್ಮ ರಾಜ್ಯ ಸರ್ಕಾರದ್ದೇ, ಬರೀ ಅರ್ಥಶಾಸ್ತ್ರಕ್ಕೆ ಅಂತಲೇ ಇರುವ ವಿಶ್ವವಿದ್ಯಾಲಯ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಎಕನಾಮಿಕ್ಸ್ ಇದೆ, ಮನೆಯ ಆದಾಯ ನೋಡಿ ಫೀಜಿನಲ್ಲಿ ನೆರವು ಕೊಡುತ್ತಾರೆ. ದೂರ ಹೋಗೋ ಧೈರ್ಯ ಇದ್ದರೆ ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಅಲ್ಲಿನ ಕೆಲವು ಕಾಲೇಜುಗಳಿಗೆ ದೊಡ್ಡ ಬ್ಯಾಂಕುಗಳು, ಕನ್ಸಲ್ಟಿಂಗ್ ಕಂಪನಿಗಳು ತಾವಾಗೇ ಬರುತ್ತವೆ.

ಒಂದು ತೊಡಕು ಇದೆ. ದೆಹಲಿಯಲ್ಲಿ ಎಕನಾಮಿಕ್ಸ್ ಆನರ್ಸ್ ಸೇರಬೇಕಾದರೆ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಬರೆಯಲೇಬೇಕು. ನೀವು ಎಸ್‌ಇಬಿಎ. ಸ್ಟ್ಯಾಟಿಸ್ಟಿಕ್ಸ್ ಇದೆ, ಗಣಿತ ಇಲ್ಲ. ಬೇರೆ ಕಡೆ ಅರ್ಜಿ ಹಾಕುವ ಮುಂಚೆಯೂ "ಪಿಯುಸಿಯಲ್ಲಿ ಗಣಿತ ಬೇಕಾ" ಅನ್ನೋದನ್ನು ಮೊದಲು ನೋಡಿ, ಆಮೇಲೆ ಫೀಜು ನೋಡಿ. ಸ್ಟ್ಯಾಟಿಸ್ಟಿಕ್ಸ್ ಓದಿರೋದು ಮಾತ್ರ ದಂಡವಲ್ಲ. ಎಸ್‌ಇಬಿಎ ತಗೊಂಡಿದ್ದಕ್ಕೆ ನಿಮಗೆ ಒಂದು ಶಹಬ್ಬಾಸ್.

ಬಿಬಿಎ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಎಚ್‌ಆರ್ ಸ್ವಲ್ಪ, ಮಾರ್ಕೆಟಿಂಗ್ ಸ್ವಲ್ಪ, ಎಲ್ಲ ಸ್ವಲ್ಪ ಸ್ವಲ್ಪ. ಮುಂದೆ ಹೇಗೂ ಎಂಬಿಎ ಮಾಡೋದಾದರೆ ಅದನ್ನೇ ಎರಡು ಸಲ ಓದಿದ ಹಾಗೆ. ದುಡ್ಡು ಜಾಸ್ತಿ, ಅಕೌಂಟ್ಸ್ ಕಮ್ಮಿ. ಈ ಕೆಲಸಕ್ಕಾದರೆ ನಾನು ಬೇಡ ಅನ್ನುತ್ತೇನೆ.

ಈಗ ಆ ಇನ್ನೊಂದು ದೊಡ್ಡದು. ಬರೀ ಬಿಕಾಂ, ಅದು ಚಿಕ್ಕಬಳ್ಳಾಪುರದ್ದಾಗಲಿ ಬೆಂಗಳೂರಿನ ಸಾಧಾರಣ ಕಾಲೇಜಿನದ್ದಾಗಲಿ, ಡೀಲ್ ಮಾಡುವ ಕುರ್ಚಿಗೆ ಸಾಲದು. ಅದರ ಮೇಲೆ ಒಂದು ಗಟ್ಟಿ ಮುದ್ರೆ ಬೀಳಬೇಕು. ನಮ್ಮಂಥ ಊರಿನ ಮಕ್ಕಳಿಗೆ ಎರಡು ದಾರಿ ಇವೆ, ಸಿಎ ಅಥವಾ ಒಳ್ಳೆಯ ಐಐಎಂನಲ್ಲಿ ಎಂಬಿಎ.

ಸಿಎಗೆ ಕಾಲೇಜಿನ ಹೆಸರು ಬೇಡ, ಡೊನೇಷನ್ ಬೇಡ, ವಶೀಲಿ ಬೇಡ. ಪಿಯುಸಿ ಆದ ಮೇಲೆ ಫೌಂಡೇಷನ್ ಬರೆಯಬಹುದು, ಈಗ ಅದು ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಅಕೌಂಟ್ಸ್, ಕಾನೂನು, ಲೆಕ್ಕ ಮತ್ತು ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್ ಅಂತ ನಾಲ್ಕು ಪೇಪರ್. ಹತ್ತಿರಹತ್ತಿರ ನಿಮ್ಮ ಎಸ್‌ಇಬಿಎ! ಅಥವಾ ಬಿಕಾಂನಲ್ಲಿ ಶೇಕಡ 55 ತೆಗೆದರೆ ಫೌಂಡೇಷನ್ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬೇರೆ ವಿಷಯದ ಡಿಗ್ರಿಯವರಿಗೆ ಅದು 60. ಬಿಕಾಂ ಅನ್ನೋಕೆ ಇದೂ ಒಂದು ಕಾರಣ. ಆರ್ಟಿಕಲ್‌ಶಿಪ್ (ಸಿಎ ಆಫೀಸಿನಲ್ಲಿ ಕೆಲಸ ಮಾಡುತ್ತಾ ಕಲಿಯೋದು) ಮೊದಲು ಮೂರು ವರ್ಷ ಇತ್ತು, 2023ರ ಹೊಸ ಸ್ಕೀಮಿನಿಂದ ಎರಡು ವರ್ಷಕ್ಕೆ ಇಳಿದಿದೆ. ಕಷ್ಟ ಇಲ್ಲದೆ ಇಲ್ಲ. ಫೈನಲ್ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ನೂರಕ್ಕೆ ಇಪ್ಪತ್ತು ಜನ ಪಾಸಾದರೆ ಅದೇ ದೊಡ್ಡದು. ಎರಡು ಮೂರು ಸಲ ಬಿದ್ದವರು ಎಷ್ಟೋ ಜನ. ನಾನೂ ಒಮ್ಮೆ ಬಿದ್ದಿದ್ದೇನೆ. ಆರ್ಟಿಕಲ್‌ಶಿಪ್‌ಗೆ ಜಾಗ ಆರಿಸುವಾಗ ಮನೆಗೆ ಹತ್ತಿರ ಅಂತ ನೋಡಬೇಡಿ. ವ್ಯಾಲ್ಯುಯೇಷನ್ (ಕಂಪನಿಗೆ ಬೆಲೆ ಕಟ್ಟೋದು) ಅಥವಾ ಶೇರು ಮಾರ್ಕೆಟ್ಟಿನಲ್ಲಿ ಲಿಸ್ಟ್ ಆದ ಕಂಪನಿಗಳ ಆಡಿಟ್ ಮಾಡುವ ಬೆಂಗಳೂರಿನ ಆಫೀಸು ಹಿಡಿಯಿರಿ. ಮುಂದೆ ಇಂಟರ್‌ವ್ಯೂನಲ್ಲಿ ಕೇಳೋದು ಅದನ್ನೇ.

ಐಐಎಂಗೆ ಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ಯಾವ ಡಿಗ್ರಿಯಾದರೂ ಆಗುತ್ತದೆ, ಶೇಕಡ 50 ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 45. ಅಲ್ಲಿ ಇಂಜಿನಿಯರುಗಳೇ ತುಂಬಿಕೊಂಡಿರುತ್ತಾರೆ. ಅದೇನು ಹೊಸದಲ್ಲ ಬಿಡಿ. ನಿಮ್ಮ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ಇಂಜಿನಿಯರೇ. 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿದ್ದು ಅವರ ಮುಂದಾಳತ್ವದ ಸಮಿತಿಯ ಸಲಹೆಯಿಂದ. ಡೀಲಿನ ಕೆಲಸಕ್ಕೆ ಬ್ಯಾಂಕುಗಳು ಬರೋದು ಮುಖ್ಯವಾಗಿ ಅಹಮದಾಬಾದ್, ಬೆಂಗಳೂರು, ಕಲ್ಕತ್ತಾ ಐಐಎಂಗಳಿಗೆ. ಫೀಜು ಇಪ್ಪತ್ತು ಲಕ್ಷದ ಮೇಲೆ. ಇಂಥ ಕಡೆ ಸೀಟು ಸಿಕ್ಕರೆ ಬ್ಯಾಂಕುಗಳು ಅಡಮಾನ ಇಲ್ಲದೆ ಸಾಲ ಕೊಡುತ್ತವೆ. ಆದ್ದರಿಂದ ನಿಮ್ಮ ತಂದೆ ಮನೆ ಪತ್ರ ಇಡಬೇಕಾಗಿಲ್ಲ ಅಂತ ಅವರಿಗೆ ಹೇಳಿ.

ಸಿಎಫ್‌ಎ ಅಂತ ಅಮೆರಿಕದ ಸಂಸ್ಥೆಯ ಒಂದು ಪರೀಕ್ಷೆ ಇದೆ, ಅದನ್ನೂ ಯಾರಾದರೂ ಹೇಳುತ್ತಾರೆ. ಮೂರು ಹಂತ, ಡಾಲರಿನಲ್ಲಿ ಫೀಜು, ಒಂದು ಹಂತಕ್ಕೇ ಲಕ್ಷದ ಆಸುಪಾಸು. ಶೇರು ರಿಸರ್ಚಿಗೆ, ಫಂಡ್ ಮ್ಯಾನೇಜ್‌ಮೆಂಟಿಗೆ ಅದು ಸರಿ. ಡೀಲಿನ ಕೆಲಸಕ್ಕೆ ಸಿಎಯಷ್ಟು ತೂಕ ಇಲ್ಲ. ಈಗ ಅದರ ಯೋಚನೆ ಬೇಡ.

ಇಂಗ್ಲಿಷ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಮಾತಾಡುವ ಇಂಗ್ಲಿಷ್ ಎರಡು ವರ್ಷದಲ್ಲಿ ಬರುತ್ತದೆ. ಅದಕ್ಕಿಂತ ಮುಖ್ಯ ಓದುವ ಇಂಗ್ಲಿಷ್. ಐಪಿಒಗೆ (ಮೊದಲ ಸಲ ಜನರಿಗೆ ಶೇರು ಮಾರೋದಕ್ಕೆ) ಮುಂಚೆ ಪ್ರತಿ ಕಂಪನಿಯೂ ನೂರಾರು ಪುಟದ ಒಂದು ಕರಡು ದಾಖಲೆ ಕೊಡುತ್ತದೆ, ಡಿಆರ್‌ಎಚ್‌ಪಿ ಅಂತಾರೆ. ಸೆಬಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಿಮಗೆ ಗೊತ್ತಿರುವ ಕಂಪನಿಯದ್ದೇ ತೆಗೆಯಿರಿ. ಸ್ವಿಗ್ಗಿ ಬೆಂಗಳೂರಿನದ್ದು, 2024ರ ನವೆಂಬರಿನಲ್ಲಿ 390 ರೂಪಾಯಿಗೆ ಶೇರು ಕೊಟ್ಟರು. ಮೊದಲ ಪುಟಗಳಲ್ಲೇ ಡೀಲ್ ನಡೆಸಿದ ಬ್ಯಾಂಕುಗಳ ಹೆಸರು ಇರುತ್ತದೆ. ಆಮೇಲೆ ರಿಸ್ಕ್‌ಗಳ ಭಾಗ ಓದಿ, ಬೆಲೆಗೆ ಆಧಾರ ಏನು ಅನ್ನೋ ಭಾಗ ಓದಿ. ದಿನಕ್ಕೆ ನಾಲ್ಕು ಪುಟ ಸಾಕು. ಮೂರು ತಿಂಗಳು ಓದಿಯೂ ಬೇಜಾರಾಗಲಿಲ್ಲ ಅಂದರೆ ಈ ಕೆಲಸ ನಿಮಗೆ ಆಗುತ್ತದೆ. ಇಪ್ಪತ್ತು ಪುಟಕ್ಕೇ ನಿದ್ದೆ ಬಂದರೆ ಈಗಲೇ ಗೊತ್ತಾಗಿದ್ದು ಒಳ್ಳೆಯದಾಯಿತು ಅಂದುಕೊಳ್ಳಿ.

ಕೊನೆಯದಾಗಿ ನಿಮ್ಮ ತಂದೆಯ ಮಾತು. ಅವರು ಹೇಳುವ ಬ್ಯಾಂಕು ಜನರ ಡಿಪಾಸಿಟ್ ಇಟ್ಟುಕೊಂಡು ಸಾಲ ಕೊಡುವ ಬ್ಯಾಂಕು. ನೀವು ಹೇಳುವ ಬ್ಯಾಂಕಿನಲ್ಲಿ ಪಾಸ್‌ಬುಕ್ ಇರೋದಿಲ್ಲ, ಕೌಂಟರ್ ಇರೋದಿಲ್ಲ. ಹೆಸರು ಮಾತ್ರ ಒಂದೇ. ಇದನ್ನು ಅವರಿಗೆ ಗೂಡಿನ ಮಾರ್ಕೆಟ್ಟಿನ ಲೆಕ್ಕದಲ್ಲೇ ಹೇಳಿ, ನಿಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಅವರು ಹೇಳಿದ್ದನ್ನು ತಳ್ಳಿಹಾಕಬೇಡಿ. ಐಬಿಪಿಎಸ್ ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ಯಾವ ಡಿಗ್ರಿಯಾದರೂ ಆಗುತ್ತದೆ, ವಯಸ್ಸು 20ರಿಂದ 30. ಬಿಕಾಂ ಮೂರು ವರ್ಷ, ಸಿಎಗೆ ಇನ್ನು ಎರಡು ಮೂರು ವರ್ಷ ಅಂದರೂ ನಿಮಗೆ 24 ತುಂಬಿರುತ್ತದೆ. ಆಮೇಲೂ ಆರು ವರ್ಷ ಆ ಬಾಗಿಲು ತೆರೆದೇ ಇರುತ್ತದೆ. "ಸಿಎ ಎರಡು ಸಲ ಕೈಕೊಟ್ಟರೆ ಐಬಿಪಿಎಸ್ ಬರೀತೀನಿ ಅಪ್ಪಾ" ಅಂತ ಮಾತು ಕೊಡಿ. ಮೊದಲು ಅವರ ಹತ್ತಿರ ಕಳೆದ ತಿಂಗಳ ಗೂಡಿನ ಚೀಟಿಗಳನ್ನು ಕೇಳಿ ಇಸ್ಕೊಂಡು, ನಾನು ಮೇಲೆ ಹಾಕಿದ ಲೆಕ್ಕವನ್ನು ನಿಜವಾದ ಅಂಕಿ ಇಟ್ಟು ಎಕ್ಸೆಲಿನಲ್ಲಿ ಮಾಡಿ ತೋರಿಸಿ.